ಬಹಿರಂಗ ಬೆಂಬಲ, ಗುಪ್ತ ಸೂಚನೆ: ಕಾಂಗ್ರೆಸ್ಸಿನ ನಾಯಕತ್ವ ಚುನಾವಣೆಗಳಲ್ಲಿ ಹಿರಿಯರ ಮಾತಿನ ತೂಕ

1939ರ ಜನವರಿ 24ರಂದು ಕಾಂಗ್ರೆಸ್ ಕಾರ್ಯಕಾರಿ ಸಮಿತಿಯ ಏಳು ಮಂದಿ ಸದಸ್ಯರು ಒಂದು ಹೇಳಿಕೆ ಹೊರಡಿಸಿದರು. ವಲ್ಲಭಭಾಯಿ ಪಟೇಲ್, ರಾಜೇಂದ್ರ ಪ್ರಸಾದ್, ಜೆ.ಬಿ. ಕೃಪಲಾನಿ, ಜಮನಾಲಾಲ್ ಬಜಾಜ್, ಭೂಲಾಭಾಯಿ ದೇಸಾಯಿ, ಜೈರಾಮದಾಸ್ ದೌಲತರಾಮ್ ಮತ್ತು ಶಂಕರರಾವ್ ದೇವ್ ಅದಕ್ಕೆ ಸಹಿ ಮಾಡಿದ್ದರು. ಎರಡನೆಯ ಬಾರಿಗೆ ಅಧ್ಯಕ್ಷರಾಗಲು ಹೊರಟಿದ್ದ ಸುಭಾಷ್‌ಚಂದ್ರ ಬೋಸ್ ಕಣದಿಂದ ಹಿಂದೆ ಸರಿಯಬೇಕು, ಪಟ್ಟಾಭಿ ಸೀತಾರಾಮಯ್ಯ ಅವಿರೋಧವಾಗಿ ಆಯ್ಕೆಯಾಗಬೇಕು ಎಂಬುದು ಹೇಳಿಕೆಯ ಸಾರ. ಅಧ್ಯಕ್ಷರ ಆಯ್ಕೆ ಅವಿರೋಧವಾಗಿ ನಡೆಯುವುದೇ ರೂಢಿ, ಪಕ್ಷದ ಧೋರಣೆಯನ್ನು ತೀರ್ಮಾನಿಸುವುದು ಅಧ್ಯಕ್ಷರ ಕೆಲಸವಲ್ಲ ಎಂದೂ ಅವರು ವಾದಿಸಿದ್ದರು. ಕಾಂಗ್ರೆಸ್ಸಿನ ನಾಯಕತ್ವದ ಸ್ಪರ್ಧೆಯಲ್ಲಿ ಹಿರಿಯರು ಒಬ್ಬ ಅಭ್ಯರ್ಥಿಯ ಪರವಾಗಿ ಇಷ್ಟು ಸಂಘಟಿತವಾಗಿ, ಹೆಸರು ಹೇಳಿ, ಮತದಾನಕ್ಕೆ ಮೊದಲೇ ನಿಂತ ಸಂದರ್ಭಗಳು ವಿರಳ. ಬೋಸ್ ಇದಕ್ಕೆ ಪತ್ರಿಕೆಗಳ ಮೂಲಕವೇ ಉತ್ತರ ಕೊಟ್ಟರು. ಒಂದೇ ಸಮಿತಿಯ ಇಬ್ಬರು ಸ್ಪರ್ಧಿಸುತ್ತಿರುವಾಗ ಉಳಿದ ಸದಸ್ಯರು ಗುಂಪಾಗಿ ಒಂದು ಪಕ್ಷ ವಹಿಸುವುದು ಸರಿಯಲ್ಲ, ಪ್ರತಿನಿಧಿಗಳು ಸ್ವತಂತ್ರವಾಗಿ ಮತ ಹಾಕಬೇಕು ಎಂಬುದು ಅವರ ಆಕ್ಷೇಪ. ಜನವರಿ 29ರಂದು ಮತದಾನ ನಡೆಯಿತು. ಬೋಸ್ ಅವರಿಗೆ 1,580 ಮತಗಳು ಬಂದವು. ಪಟ್ಟಾಭಿಯವರಿಗೆ ಸುಮಾರು 200 ಮತ ಕಡಿಮೆ. ಗುಜರಾತ್, ಆಂಧ್ರ, ಬಿಹಾರ ಏಳು ಮಂದಿಯ ಮಾತಿಗೆ ಓಗೊಟ್ಟವು. ಬಂಗಾಳ, ಪಂಜಾಬುಗಳ ಜೊತೆಗೆ ಕರ್ನಾಟಕ ಪ್ರಾಂತದ ಪ್ರತಿನಿಧಿಗಳಲ್ಲೂ ಹೆಚ್ಚಿನವರು ಬೋಸ್ ಕಡೆಗೆ ನಿಂತರು.

ಈ ಚುನಾವಣೆಯನ್ನು ಗಾಂಧೀಜಿ ಮತ್ತು ಬೋಸ್ ನಡುವಿನ ಹೋರಾಟವೆಂದೇ ಓದುವುದು ನಮ್ಮಲ್ಲಿ ವಾಡಿಕೆ. ಆ ಓದು ಪೂರ್ತಿ ತಪ್ಪಲ್ಲ, ಆದರೆ ಕಾಲಕ್ರಮವನ್ನು ಅದು ಮರೆಸಿಬಿಡುತ್ತದೆ. ಏಳು ಮಂದಿಯ ಹೇಳಿಕೆಯಲ್ಲಿ ಗಾಂಧೀಜಿಯವರ ಸಹಿ ಇರಲಿಲ್ಲ. ಪಟ್ಟಾಭಿಯವರು ನಾಮಪತ್ರ ಹಿಂತೆಗೆದುಕೊಳ್ಳದಂತೆ ಮಾಡಿದ್ದು ತಾನೇ, ಹೀಗಾಗಿ ಈ ಸೋಲು ಅವರಿಗಿಂತ ಹೆಚ್ಚಾಗಿ ತನ್ನದು ಎಂದು ಗಾಂಧೀಜಿ ಪ್ರಕಟವಾಗಿ ಹೇಳಿದ್ದು ಫಲಿತಾಂಶ ಬಂದ ಮೇಲೆ, ಜನವರಿ 31ರಂದು. ಮತ ಹಾಕಿದ ಪ್ರತಿನಿಧಿಗಳಲ್ಲಿ ಅನೇಕರಿಗೆ ಅವರ ಒಲವು ಯಾವ ಕಡೆಗಿದೆ ಎಂಬ ಅಂದಾಜು ಇದ್ದಿರಬಹುದು. ಆದರೆ ಆ ಒಲವನ್ನು ಎದುರಿಟ್ಟುಕೊಂಡು ವಾದಿಸುವ, ಅದಕ್ಕೆ ಉತ್ತರ ಕೊಡುವ ಅವಕಾಶ ಬೋಸ್ ಅವರಿಗಾಗಲಿ ಪ್ರತಿನಿಧಿಗಳಿಗಾಗಲಿ ಸಿಗಲಿಲ್ಲ. ಪಟೇಲರ ಬೆಂಬಲ ಬಯಲಿನಲ್ಲಿತ್ತು, ಅದನ್ನು ಮತ ಹಾಕಿ ಸೋಲಿಸಲಾಯಿತು. ಗಾಂಧೀಜಿಯವರ ಬೆಂಬಲ ಬಯಲಿಗೆ ಬಂದದ್ದು ಮತಪೆಟ್ಟಿಗೆ ಮುಚ್ಚಿದ ಮೇಲೆ. ಹಾಗಾಗಿ ಅದು ಗೆದ್ದ ಅಧ್ಯಕ್ಷರ ಮೇಲೆ ಹೊರೆಯಾಗಿ ಕುಳಿತಿತು. ಮಾರ್ಚ್ ತಿಂಗಳಲ್ಲಿ ತ್ರಿಪುರಿ ಅಧಿವೇಶನ ಸೇರಿದಾಗ ಬೋಸ್ ಕಾಯಿಲೆ ಬಿದ್ದಿದ್ದರು, ಗಾಂಧೀಜಿ ರಾಜಕೋಟೆಯಲ್ಲಿದ್ದರು. ಅಧ್ಯಕ್ಷರು ಗಾಂಧೀಜಿಯ ಇಚ್ಛೆಗೆ ಅನುಗುಣವಾಗಿಯೇ ಕಾರ್ಯಕಾರಿ ಸಮಿತಿಯನ್ನು ರಚಿಸಬೇಕು ಎಂಬ ಗೋವಿಂದ ವಲ್ಲಭ ಪಂತರ ನಿರ್ಣಯ ಅಲ್ಲಿ ಅಂಗೀಕಾರವಾಯಿತು. ಏಪ್ರಿಲ್ 29ರಂದು ಕಲ್ಕತ್ತೆಯಲ್ಲಿ ಬೋಸ್ ರಾಜೀನಾಮೆ ಕೊಟ್ಟರು. ಗೆದ್ದ ಅಭ್ಯರ್ಥಿ ಮೂರು ತಿಂಗಳಲ್ಲಿ ಹೊರನಡೆದರೆ, ಸೋತ ಬೆಂಬಲವೇ ಆಡಳಿತ ನಡೆಸಿತು.

ನಾಯಕತ್ವದ ಸ್ಪರ್ಧೆಯಲ್ಲಿ ಹಿರಿಯರು ಒಬ್ಬರ ಪರ ನಿಲ್ಲುವುದು ಪಕ್ಷದ ಒಳಗಿನ ಪ್ರಜಾಪ್ರಭುತ್ವಕ್ಕೆ ಧಕ್ಕೆ ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಕಾಂಗ್ರೆಸ್ಸಿನ ಚುನಾವಣೆಗಳನ್ನು ಸಾಲಾಗಿ ಇಟ್ಟು ನೋಡಿದರೆ ನನಗೆ ಕಾಣುವುದು ಬೇರೆ. ಬಹಿರಂಗವಾಗಿ ಘೋಷಿಸಿದ ಬೆಂಬಲ ಪ್ರತಿನಿಧಿಗಳ ಕೈಗೆ ಸಿಗುತ್ತದೆ; ಅವರು ಅದನ್ನು ಒಪ್ಪಬಹುದು, ಇಲ್ಲವೇ ತಿರಸ್ಕರಿಸಬಹುದು. ಬಾಯಿಬಿಟ್ಟು ಹೇಳದೆ ರವಾನೆಯಾದ ಸೂಚನೆಗೆ ಆ ಬಾಧ್ಯತೆ ಇಲ್ಲ. ಅದು ಗೆದ್ದರೆ ಒಮ್ಮತ ಎನಿಸಿಕೊಳ್ಳುತ್ತದೆ, ಸೋತರೆ ಇನ್ನೊಂದು ದಾರಿಯಿಂದ ಮರಳಿ ಬರುತ್ತದೆ. ಪಕ್ಷಕ್ಕೆ ಹೆಚ್ಚು ಹಾನಿ ಮಾಡಿದ್ದು ಈ ಎರಡನೆಯ ಬಗೆಯೇ ಎಂಬುದು ಈ ಲೇಖನದ ವಾದ.

ಇದಕ್ಕೆ 1946ರ ಅಧ್ಯಕ್ಷರ ಆಯ್ಕೆಗಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. ಮಧ್ಯಂತರ ಸರ್ಕಾರದ ನೇತೃತ್ವ ಕಾಂಗ್ರೆಸ್ ಅಧ್ಯಕ್ಷರಿಗೇ ಬರುವ ಸಂಭವವಿದ್ದುದರಿಂದ ಆ ವರ್ಷದ ಆಯ್ಕೆಗೆ ಅಸಾಧಾರಣ ಮಹತ್ವವಿತ್ತು. ಹೆಸರು ಸೂಚಿಸುವ ಅಧಿಕಾರ ಪ್ರದೇಶ ಸಮಿತಿಗಳದ್ದು. 15 ಸಮಿತಿಗಳ ಪೈಕಿ 12 ಪಟೇಲರ ಹೆಸರನ್ನು ಸೂಚಿಸಿದ್ದವು ಎಂಬುದು ಇತಿಹಾಸಕಾರರು ಸಾಮಾನ್ಯವಾಗಿ ಕೊಡುವ ಲೆಕ್ಕ. ನೆಹರೂ ಅವರ ಹೆಸರು ಯಾವ ಸಮಿತಿಯಿಂದಲೂ ಬಂದಿರಲಿಲ್ಲ. ಗಾಂಧೀಜಿಯ ಒಲವು ನೆಹರೂ ಕಡೆಗಿದೆ ಎಂದು ತಿಳಿದ ಮೇಲೆ ಕೃಪಲಾನಿಯವರು ಕಾರ್ಯಕಾರಿ ಸಮಿತಿಯ ಕೆಲವರ ಸಹಿಯೊಂದಿಗೆ ಅವರ ಹೆಸರನ್ನು ಮುಂದಿಟ್ಟರು. ಪಟೇಲರು ಹಿಂದೆ ಸರಿದರು, ಮತದಾನ ನಡೆಯಲೇ ಇಲ್ಲ. ನೆಹರೂ ಆಯ್ಕೆ ದೇಶಕ್ಕೆ ಒಳ್ಳೆಯದಾಯಿತೇ ಎಂಬ ಚರ್ಚೆ ಇಲ್ಲಿ ಅಪ್ರಸ್ತುತ. ಜನಪ್ರಿಯತೆಯಲ್ಲಿ, ಹೊರಜಗತ್ತಿನ ಪರಿಚಯದಲ್ಲಿ ಅವರಿಗಿದ್ದ ಅರ್ಹತೆಯನ್ನು ಯಾರೂ ಅಲ್ಲಗಳೆಯಲಾರರು. ಆ ಅರ್ಹತೆಯನ್ನು ಪ್ರದೇಶ ಸಮಿತಿಗಳ ಮುಂದೆ ಎತ್ತಿ ಹೇಳಿ ಒಪ್ಪಿಸುವ ಗೋಜಿಗೆ ಯಾರೂ ಹೋಗಲಿಲ್ಲ ಎಂಬುದಷ್ಟೇ ಇಲ್ಲಿನ ಮಾತು. ಏನಾಯಿತು ಎಂಬುದಕ್ಕೆ ದಾಖಲೆಯಾಗಿ ಉಳಿದದ್ದು ಪತ್ರಗಳು ಮತ್ತು ನೆನಪುಗಳು ಮಾತ್ರ. ಪಟೇಲರಿಗೆ ಅನ್ಯಾಯವಾಯಿತು ಎಂಬ ಕೊರಗು ಮುಕ್ಕಾಲು ಶತಮಾನ ಕಳೆದರೂ ರಾಜಕೀಯ ಭಾಷಣಗಳಲ್ಲಿ ಬದುಕಿರುವುದಕ್ಕೆ ಇದೂ ಒಂದು ಕಾರಣ. ಎಣಿಸಿದ ಮತಗಳಿದ್ದಿದ್ದರೆ ಆ ಕೊರಗಿಗೆ ಇಷ್ಟು ಆಯುಷ್ಯ ಇರುತ್ತಿರಲಿಲ್ಲ.

ನಾಲ್ಕು ವರ್ಷಗಳ ಬಳಿಕ ಅದೇ ಇಬ್ಬರ ಭಿನ್ನಾಭಿಪ್ರಾಯ ಇನ್ನೊಂದು ಚುನಾವಣೆಯಲ್ಲಿ ತಲೆಯೆತ್ತಿತು. 1950ರಲ್ಲಿ ಪುರುಷೋತ್ತಮದಾಸ್ ಟಂಡನ್ ಪಟೇಲರ ಬೆಂಬಲದಿಂದ ಸ್ಪರ್ಧಿಸಿದರು. ಟಂಡನ್ ಗೆಲ್ಲುವುದು ನೆಹರೂ ಅವರಿಗೆ ಬೇಕಿರಲಿಲ್ಲ. ಆದರೆ ಅವರ ಅಸಮ್ಮತಿ ಹೆಚ್ಚಾಗಿ ಪತ್ರಗಳಲ್ಲೇ ಉಳಿಯಿತು. ಕೃಪಲಾನಿಯವರೇ ತನ್ನ ಅಭ್ಯರ್ಥಿ ಎಂದು ಅವರು ವೇದಿಕೆ ಹತ್ತಿ ಸಾರಲಿಲ್ಲ. ಟಂಡನ್ 1,306, ಕೃಪಲಾನಿ 1,092, ಶಂಕರರಾವ್ ದೇವ್ 202 ಮತ ಪಡೆದರು. ಅಂತರ ನೋಡಿದರೆ ಪ್ರಧಾನಿಯ ಒಂದು ಸ್ಪಷ್ಟ ಹೇಳಿಕೆ ಫಲಿತಾಂಶವನ್ನು ಬದಲಿಸಬಹುದಿತ್ತೇನೋ ಎನ್ನಿಸುತ್ತದೆ. ನೆಹರೂ ತಮ್ಮ ಆತಂಕವನ್ನು ಬಹಿರಂಗ ಹೇಳಿಕೆಯಾಗಿ ಹೊರಡಿಸಿದ್ದು ಫಲಿತಾಂಶದ ನಂತರ, ಸೆಪ್ಟೆಂಬರ್ 13ರಂದು. ಕೋಮುವಾದಿ ಮತ್ತು ಪ್ರತಿಗಾಮಿ ಶಕ್ತಿಗಳು ಈ ಫಲಿತಾಂಶದಿಂದ ಸಂತೋಷಪಟ್ಟಿವೆ ಎಂಬ ಅರ್ಥದ ಮಾತು ಅದರಲ್ಲಿತ್ತು. 1939ರ ಮಾದರಿಯೇ ಮತ್ತೆ ಕಾಣಿಸಿಕೊಂಡಿತು. ಆ ವರ್ಷದ ಡಿಸೆಂಬರ್ 15ರಂದು ಪಟೇಲರು ತೀರಿಕೊಂಡರು. 1951ರ ಆಗಸ್ಟಿನಲ್ಲಿ ನೆಹರೂ ಕಾರ್ಯಕಾರಿ ಸಮಿತಿಗೆ ರಾಜೀನಾಮೆ ಕೊಟ್ಟರು, ಸೆಪ್ಟೆಂಬರಿನಲ್ಲಿ ಟಂಡನ್ ಅಧ್ಯಕ್ಷ ಸ್ಥಾನ ಬಿಟ್ಟರು, ನೆಹರೂ ತಾವೇ ಅಧ್ಯಕ್ಷರಾದರು. ಕೃಪಲಾನಿ ಅಷ್ಟರಲ್ಲಿ ಪಕ್ಷವನ್ನೇ ತೊರೆದಿದ್ದರು. ನೆಹರೂ ಅವರ ಆತಂಕಕ್ಕೆ ಆಧಾರವಿತ್ತು ಎಂದೇ ನಾನು ತಿಳಿಯುತ್ತೇನೆ. ಆಧಾರವಿದ್ದ ಮಾತನ್ನು ಮತದಾನಕ್ಕೆ ಮೊದಲು ಎದೆತಟ್ಟಿ ಹೇಳದೆ, ಮತ ಬಿದ್ದ ಮೇಲೆ ಸ್ಥಾನಬಲದಿಂದ ಜಾರಿಗೆ ತಂದದ್ದು ಪಕ್ಷಕ್ಕೆ ಕೆಟ್ಟ ಪಾಠವಾಯಿತು.

ಇದಕ್ಕೆ ಪ್ರತಿಯಾಗಿ 1966ರ ಜನವರಿಯನ್ನು ನೋಡಬೇಕು. ತಾಷ್ಕೆಂಟಿನಲ್ಲಿ 11ರಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ನಿಧನರಾದರು. 1964ರಲ್ಲಿ ಪಕ್ಷದ ಅಧ್ಯಕ್ಷ ಕಾಮರಾಜ್ ಸಂಸದರನ್ನು ಒಬ್ಬೊಬ್ಬರಾಗಿ ಕರೆದು ಅಭಿಪ್ರಾಯ ಕೇಳಿ, ಒಮ್ಮತ ಶಾಸ್ತ್ರಿಯವರ ಪರ ಇದೆ ಎಂದು ಪ್ರಕಟಿಸಿದ್ದರು. ಈ ಸಲ ಮೊರಾರ್ಜಿ ದೇಸಾಯಿ ಒಮ್ಮತಕ್ಕೆ ಒಪ್ಪಲಿಲ್ಲ, ಮತದಾನವೇ ಆಗಲಿ ಎಂದು ಪಟ್ಟು ಹಿಡಿದರು. ಮಧ್ಯಪ್ರದೇಶದ ಡಿ.ಪಿ. ಮಿಶ್ರಾ ಅವರ ಮುಂದಾಳತ್ವದಲ್ಲಿ ಹಲವು ರಾಜ್ಯಗಳ ಮುಖ್ಯಮಂತ್ರಿಗಳು ದಿಲ್ಲಿಯಲ್ಲಿ ಸೇರಿ ಇಂದಿರಾ ಗಾಂಧಿಯವರ ಪರ ತಮ್ಮ ನಿಲುವನ್ನು ಘೋಷಿಸಿದರು. 19ರಂದು ಸಂಸತ್ತಿನ ಸೆಂಟ್ರಲ್ ಹಾಲಿನಲ್ಲಿ ಮತ ಎಣಿಸಿದಾಗ ಇಂದಿರಾ 355, ಮೊರಾರ್ಜಿ 169. ಇದು ಪೂರ್ತಿ ಸ್ವತಂತ್ರ ಮತದಾನವೇ ಎಂದು ಕೇಳಬಹುದು, ಕೇಳಲೇಬೇಕು. ಮರುವರ್ಷವೇ ಮಹಾಚುನಾವಣೆ ಇತ್ತು. ಟಿಕೆಟ್ ಹಂಚಿಕೆಯಲ್ಲಿ ಮುಖ್ಯಮಂತ್ರಿಯ ಮಾತು ನಡೆಯುತ್ತದೆ ಎಂಬುದು ಸಂಸದರಿಗೆ ತಿಳಿದೇ ಇತ್ತು. ಆದರೂ ಒತ್ತಡ ಯಾರಿಂದ ಬಂತು ಎಂಬುದು ಎಲ್ಲರ ಕಣ್ಣೆದುರಿಗಿತ್ತು, ಹೆಸರುಗಳು ಪತ್ರಿಕೆಯಲ್ಲಿದ್ದವು, ಅಷ್ಟಾಗಿಯೂ 169 ಮಂದಿ ಗುಪ್ತ ಮತದಾನದಲ್ಲಿ ಆ ಮಾತನ್ನು ಮೀರಿದರು. ಆ 169 ಮತಗಳು ಮೊರಾರ್ಜಿಯವರಿಗೆ ಪಕ್ಷದಲ್ಲಿ ಸ್ಥಾನ ಉಳಿಸಿಕೊಟ್ಟವು. ಅವರು ಸೋಲನ್ನು ಒಪ್ಪಿಕೊಂಡರು, 1967ರಲ್ಲಿ ಉಪಪ್ರಧಾನಿಯಾದರು. 1969ರಲ್ಲಿ, ನಮ್ಮ ಎಸ್. ನಿಜಲಿಂಗಪ್ಪ ಅಧ್ಯಕ್ಷರಾಗಿದ್ದಾಗ, ಪಕ್ಷ ಒಡೆದದ್ದು ಬೇರೆ ಜಗಳದಿಂದ. 1966ರ ಮತದಾನದ ನೇರ ಫಲ ಅದಲ್ಲ.

ಆ ಬಳಿಕ ದೀರ್ಘಕಾಲ ಇಂಥ ಸ್ಪರ್ಧೆಗಳು ನಿಂತೇಹೋದವು. 1997ರಲ್ಲಿ ಸೀತಾರಾಮ್ ಕೇಸರಿ 6,224 ಮತ ಪಡೆದು ಶರದ್ ಪವಾರ್ ಮತ್ತು ರಾಜೇಶ್ ಪೈಲಟ್ ಅವರನ್ನು ಸೋಲಿಸಿದರು. 2000ದಲ್ಲಿ ಸೋನಿಯಾ ಗಾಂಧಿಯವರ ಎದುರು ಜಿತೇಂದ್ರ ಪ್ರಸಾದರಿಗೆ ಸಿಕ್ಕಿದ್ದು 94 ಮತ. ಅಭ್ಯರ್ಥಿಯೇ ಹೈಕಮಾಂಡ್ ಆಗಿರುವಾಗ ಬೆಂಬಲ ಘೋಷಣೆಯ ಪ್ರಶ್ನೆಯೇ ಹುಟ್ಟದು.

2022ರ ಅಕ್ಟೋಬರ್ ಚುನಾವಣೆ ಹಾಗಲ್ಲ. ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ ಮತ್ತು ಶಶಿ ತರೂರ್ ನಡುವಿನ ಈ ಸ್ಪರ್ಧೆಗೆ ಪಕ್ಷದ ಚುನಾವಣಾ ಪ್ರಾಧಿಕಾರ ಒಂದು ನಿಯಮ ಮಾಡಿತು: ಪ್ರದೇಶ ಅಧ್ಯಕ್ಷರು, ಪ್ರಧಾನ ಕಾರ್ಯದರ್ಶಿಗಳು, ಶಾಸಕಾಂಗ ಪಕ್ಷದ ನಾಯಕರು, ವಕ್ತಾರರು ಯಾರ ಪರವಾಗಿಯೂ ಪ್ರಚಾರ ಮಾಡಕೂಡದು, ಮಾಡುವುದಿದ್ದರೆ ಹುದ್ದೆ ಬಿಟ್ಟು ಮಾಡಬೇಕು. 1939ರಲ್ಲಿ ಬೋಸ್ ಎತ್ತಿದ ಆಕ್ಷೇಪ 83 ವರ್ಷಗಳ ಮೇಲೆ ನಿಯಮದ ರೂಪ ಪಡೆಯಿತು ಎನ್ನಬಹುದು. ಖರ್ಗೆ ಪರ ಕೆಲಸ ಮಾಡಲು ದೀಪೇಂದರ್ ಹೂಡಾ, ಗೌರವ್ ವಲ್ಲಭ್ ಮತ್ತು ಬಳ್ಳಾರಿಯ ಸೈಯದ್ ನಾಸಿರ್ ಹುಸೇನ್ ವಕ್ತಾರ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ನಿಯಮದ ಒಳ್ಳೆಯ ಮುಖ ಇದು: ಬೆಂಬಲಿಸುವವನು ಬೆಲೆ ತೆತ್ತು ಬಯಲಿಗೆ ಬರುತ್ತಾನೆ. ಆದರೆ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕುವುದಕ್ಕೆ ಅಡ್ಡಿ ಇರಲಿಲ್ಲ. ಒಂದು ನಾಮಪತ್ರಕ್ಕೆ ಹತ್ತು ಪ್ರತಿನಿಧಿಗಳ ಸಹಿ ಸಾಕು. ಖರ್ಗೆಯವರ ಕಡೆಯಿಂದ 14 ಸೆಟ್ ನಾಮಪತ್ರಗಳು ಸಲ್ಲಿಕೆಯಾದವು. ಸಹಿ ಹಾಕಿದವರಲ್ಲಿ ಎ.ಕೆ. ಆಂಟನಿ, ಅಂಬಿಕಾ ಸೋನಿ, ಆಗ ರಾಜಸ್ಥಾನದ ಮುಖ್ಯಮಂತ್ರಿಯಾಗಿದ್ದ ಅಶೋಕ್ ಗೆಹ್ಲೋಟ್ ಇದ್ದರು. ನಾಯಕತ್ವವನ್ನು ಪ್ರಶ್ನಿಸಿ ಪತ್ರ ಬರೆದಿದ್ದ ಗುಂಪಿನ ಆನಂದ್ ಶರ್ಮಾ, ಮನೀಶ್ ತಿವಾರಿ ಕೂಡ ಇದ್ದರು. ಗಾಂಧಿ ಕುಟುಂಬ ತಟಸ್ಥ ಎಂದು ಹೇಳಲಾಗಿತ್ತು. ಆದರೂ ಕೆಲವು ರಾಜ್ಯಗಳಲ್ಲಿ ಖರ್ಗೆಯವರನ್ನು ಬರಮಾಡಿಕೊಂಡ ಪ್ರದೇಶ ನಾಯಕರು ತನಗೆ ಸಿಗಲೇ ಇಲ್ಲ ಎಂದು ತರೂರ್ ದೂರಿದರು. ಮತಪತ್ರದಲ್ಲಿ ಖರ್ಗೆ ಹೆಸರು ಮೊದಲನೆಯದು. ಮೆಚ್ಚಿದ ಅಭ್ಯರ್ಥಿಯ ಎದುರು ‘1’ ಎಂದು ಬರೆಯಬೇಕೆಂಬ ಸೂಚನೆಯಿತ್ತು. ಇದು ಗೊಂದಲಕ್ಕೆ ಎಡೆಮಾಡುತ್ತದೆ ಎಂದು ತರೂರ್ ಕಡೆಯವರು ತಕರಾರು ತೆಗೆದ ಮೇಲೆ ಅದನ್ನು ಸರಿಗುರುತಿಗೆ ಬದಲಾಯಿಸಲಾಯಿತು. ಅಕ್ಟೋಬರ್ 17ರಂದು ಮತದಾನವಾಯಿತು; ಭಾರತ್ ಜೋಡೋ ಯಾತ್ರೆಯಲ್ಲಿದ್ದ ರಾಹುಲ್ ಗಾಂಧಿ ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ಮತ ಹಾಕಿದರು. ಚಲಾವಣೆಯಾದ 9,385 ಮತಗಳಲ್ಲಿ ಖರ್ಗೆ 7,897, ತರೂರ್ 1,072, ಅಸಿಂಧು 416.

ಎಣಿಕೆಗೆ ಮೊದಲು ಎಲ್ಲ ರಾಜ್ಯಗಳ ಮತಪತ್ರಗಳನ್ನು ಒಟ್ಟಿಗೆ ಬೆರೆಸಲಾಯಿತು. ಯಾವ ರಾಜ್ಯ ಯಾರಿಗೆ ಎಷ್ಟು ಕೊಟ್ಟಿತು ಎಂಬುದು ಗೊತ್ತಾಗದಂತೆ ಕಾಪಾಡುವುದು ಇದರ ಉದ್ದೇಶ. 1939ರಲ್ಲಿ ಪ್ರಾಂತವಾರು ಲೆಕ್ಕ ಎಲ್ಲರಿಗೂ ತಿಳಿದಿತ್ತು. ತಿಳಿದದ್ದರಿಂದಲೇ ಬೋಸ್ ಗೆಲುವು ಬಂಗಾಳವೊಂದರ ಅಭಿಮಾನವಲ್ಲ, ಕರ್ನಾಟಕದಂಥ ದೂರದ ಪ್ರಾಂತಗಳ ತೀರ್ಮಾನವೂ ಹೌದು ಎಂದು ಇಂದು ಹೇಳಲು ಸಾಧ್ಯವಾಗುತ್ತಿದೆ. ಆದರೂ ಬೆರೆಸಿದ್ದು ಸರಿ ಎನ್ನುತ್ತೇನೆ. ತರೂರ್ ಅವರಿಗೆ ಮತ ಹಾಕಿದ ಸಾವಿರ ಚಿಲ್ಲರೆ ಪ್ರತಿನಿಧಿಗಳು ತಮ್ಮ ರಾಜ್ಯದ ನಾಯಕರ ಸಿಟ್ಟಿಗೆ ಗುರಿಯಾಗದೆ ಉಳಿದದ್ದು ಅದರಿಂದಲೇ.

ಇಲ್ಲಿಗೇ ನನ್ನ ವಾದಕ್ಕೆ ಬರಬಹುದಾದ ಬಲವಾದ ಆಕ್ಷೇಪ ಬಂದು ನಿಲ್ಲುತ್ತದೆ. ಬಹಿರಂಗ ಬೆಂಬಲವನ್ನು ಮೆಚ್ಚುವುದೆಂದರೆ ಬಲಾಢ್ಯರಿಗೆ ಬೆದರಿಸುವ ಪರವಾನಗಿ ಕೊಟ್ಟಂತಲ್ಲವೇ? ಮುಖ್ಯಮಂತ್ರಿ ಒಬ್ಬರ ಹೆಸರು ಹೇಳಿದ ಮೇಲೆ ಬ್ಲಾಕ್ ಮಟ್ಟದ ಕಾರ್ಯಕರ್ತ ಬೇರೆಯವರಿಗೆ ಹೇಗೆ ಮತ ಹಾಕಿಯಾನು? ಮತ ಹಾಕುವವನ ಗುಟ್ಟು ಬೇರೆ, ಮತ ಹಾಕಿಸುವವನ ಗುಟ್ಟು ಬೇರೆ ಎಂಬುದು ನನ್ನ ಉತ್ತರ. ಮೊದಲನೆಯದು ರಕ್ಷಣೆ, ಎರಡನೆಯದು ಅಧಿಕಾರ. ನಾಯಕನ ಒಲವು ಬಹಿರಂಗವಾಗಿ, ಪ್ರತಿನಿಧಿಯ ಮತ ಗುಪ್ತವಾಗಿ ಇದ್ದಾಗಲೇ 1939ರ ಫಲಿತಾಂಶ, 1966ರ 169 ಮತಗಳು ಸಾಧ್ಯವಾದವು. ಇದನ್ನು ತಲೆಕೆಳಗು ಮಾಡಿ, ನಾಯಕನ ಒಲವನ್ನು ಮುಚ್ಚಿಟ್ಟು ಕಾರ್ಯಕರ್ತನ ಮತವನ್ನು ಬೆಳಕಿಗೆ ಹಿಡಿದರೆ ಉಳಿಯುವುದು ಭಯ ಮಾತ್ರ. ಒಮ್ಮತದಿಂದ ಬಣಗಳು ಬೆಳೆಯುವುದಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಆದರೆ 1946ರ ಒಮ್ಮತ 1950ರ ಬಣಗಳನ್ನು ತಡೆಯಲಿಲ್ಲ.

ಈ ವಿಚಾರ ಕರ್ನಾಟಕಕ್ಕೆ ದೂರದ್ದಲ್ಲ. 2023ರ ಮೇ 14ರಂದು ಬೆಂಗಳೂರಿನಲ್ಲಿ ಕಾಂಗ್ರೆಸ್ ಶಾಸಕಾಂಗ ಪಕ್ಷದ ಸಭೆ ಸೇರಿ, ನಾಯಕನ ಆಯ್ಕೆಯನ್ನು ಪಕ್ಷದ ಅಧ್ಯಕ್ಷರಿಗೆ ಬಿಡುವ ಒಂದು ಸಾಲಿನ ನಿರ್ಣಯ ಮಾಡಿತು. ದಿಲ್ಲಿಯಿಂದ ಬಂದ ಮೂವರು ವೀಕ್ಷಕರು ಶಾಸಕರ ಅಭಿಪ್ರಾಯವನ್ನು ಪ್ರತ್ಯೇಕವಾಗಿ ಪಡೆದುಕೊಂಡು ಹೋದರು. ಆಯ್ಕೆ ಹೊರಬೀಳಲು ಮತ್ತೆ ನಾಲ್ಕು ದಿನ ಬೇಕಾಯಿತು. ಯಾರ ಪರ ಎಷ್ಟು ಎಂಬ ಲೆಕ್ಕವನ್ನು ಪಕ್ಷ ಅಧಿಕೃತವಾಗಿ ಪ್ರಕಟಿಸಲಿಲ್ಲ. ಶಾಸಕರ ಹೆಸರುಗಳು ಗುಟ್ಟಾಗಿ ಇರಬೇಕಾದದ್ದೇ. ಒಟ್ಟು ಸಂಖ್ಯೆಯನ್ನು ಗುಟ್ಟಾಗಿ ಇಡುವುದಕ್ಕೆ ಸಮರ್ಥನೆ ಇಲ್ಲ. ಈ ರೂಢಿ ಒಂದೇ ಪಕ್ಷದ್ದೂ ಅಲ್ಲ. ವೀಕ್ಷಕರು ವಿಮಾನದಲ್ಲಿ ತಂದ ಹೆಸರನ್ನು ಶಾಸಕಾಂಗ ಪಕ್ಷ ಚಪ್ಪಾಳೆ ತಟ್ಟಿ ಅಂಗೀಕರಿಸುವುದನ್ನು ರಾಜ್ಯ ಬೇರೆ ಪಕ್ಷಗಳಲ್ಲೂ ನೋಡಿದೆ. ಅಧ್ಯಕ್ಷ ಚುನಾವಣೆಗೆ 2022ರಲ್ಲಿ ಮಾಡಿದ ನಿಯಮವನ್ನು ಶಾಸಕಾಂಗ ಪಕ್ಷದ ನಾಯಕನ ಆಯ್ಕೆಗೂ ಅನ್ವಯಿಸಬೇಕು: ಒಬ್ಬರ ಪರ ಮಾತಾಡುವವರು ಹುದ್ದೆ ಬಿಟ್ಟು ಬಹಿರಂಗವಾಗಿ ಮಾತಾಡಲಿ, ಶಾಸಕರು ಗುಪ್ತವಾಗಿ ಮತ ಹಾಕಲಿ, ಎಣಿಕೆಯನ್ನು ಅದೇ ದಿನ ಸಭೆಯಲ್ಲೇ ಓದಿ ಹೇಳಲಿ.