ಹೊಲ ನಮ್ಮದು, ಹಂದಿ ಯಾರದು?

ಕನ್ನಡ ನಾಡಿನ ಹಂದಿಬೇಟೆಯ ಚರಿತ್ರೆಯಲ್ಲಿ ಮಂಡ್ಯ ಜಿಲ್ಲೆಯ ಆತಕೂರಿಗೆ ವಿಶೇಷ ಸ್ಥಾನವಿದೆ. ಕ್ರಿ.ಶ. 949-50ರ ಅಲ್ಲಿನ ಶಾಸನವು ತಕ್ಕೋಲದ ಯುದ್ಧವನ್ನು ವರ್ಣಿಸುತ್ತ ಒಂದು ನಾಯಿಯ ಕಥೆಯನ್ನೂ ಹೇಳುತ್ತದೆ. ಮಣಲೆರನೆಂಬ ವೀರನು ತನ್ನ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿ ಕೆಳಲೆನಾಡಿನಲ್ಲಿ ದೊಡ್ಡ ಹಂದಿಯೊಂದರೊಡನೆ ಸೆಣಸಿತು; ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿ ದತ್ತಿಯಾಯಿತು.

ಅರಸರಿಗೆ ವಿನೋದವಾಗಿದ್ದ ಬೇಟೆ ರೈತನಿಗೆ ಬೆಳೆಯ ಕಾವಲಾಗಿತ್ತು. ಮಲೆನಾಡಿನಲ್ಲಿ ಊರವರು ನಾಯಿಗಳೊಡನೆ ಕಾಡನ್ನು ಸೋವುತ್ತ ಬಂದರೆ, ಕೋವಿಗಾರರು ಹಂದಿ ಹಾಯುವ ದಾರಿಯಲ್ಲಿ ಕಾದಿರುತ್ತಿದ್ದರು. ಬಿದ್ದ ಬೇಟೆಯಲ್ಲಿ ಊರಿಗೆಲ್ಲ ಪಾಲು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಪದ್ಧತಿಗೆ ತೆರೆ ಎಳೆಯಿತು. ಹೊಲ ಸ್ವಂತದ್ದಾದರೂ ಅದರೊಳಗೆ ಬಂದ ಹಂದಿ ಸ್ವಂತದ್ದಲ್ಲ. ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಕೊಂದರೆ ಅಪರಾಧವಿಲ್ಲ. ಬೆಳೆರಕ್ಷಣೆಗಾದರೆ 11ನೆಯ ಕಲಮಿನಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಆದೇಶ, ಕಾರಣಸಹಿತವಾಗಿ, ಬೇಕು. ಕೊಂದ ಪ್ರಾಣಿ ಸರ್ಕಾರದ ಸ್ವತ್ತು. ಹಿಂದಿನ ಪಾಲಿನ ಮಾತು ಇಲ್ಲಿಲ್ಲ. 62ನೆಯ ಕಲಮಿನಂತೆ ಕೇಂದ್ರವು ಒಂದು ಪ್ರದೇಶಕ್ಕೆ, ಒಂದು ಅವಧಿಗೆ ಹಂದಿಯನ್ನು ಪೀಡಕ ಪ್ರಾಣಿಯೆಂದು ಸಾರಬಹುದು. 2016ರಲ್ಲಿ ಉತ್ತರಾಖಂಡಕ್ಕೆ ಹಾಗೆ ಸಾರಿತ್ತು.

ಅರ್ಜಿ ಕಚೇರಿ ತಲುಪಿ ಆದೇಶ ಮರಳುವಷ್ಟರಲ್ಲಿ ಒಂದು ರಾತ್ರಿಯ ಹಿಂಡು ಗದ್ದೆಯನ್ನು ಉತ್ತುಬಿಟ್ಟಿರುತ್ತದೆ. ಈ ವಿಳಂಬಕ್ಕೆ ಉತ್ತರವಾಗಿ ಕೇರಳವು 2022ರ ಮೇ ತಿಂಗಳಲ್ಲಿ ಅನುಮತಿಯ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೇ ವಹಿಸಿತು. ಕಾಸರಗೋಡಿನ ಕನ್ನಡ ಕೃಷಿಕರು ಈಗ ತಮ್ಮ ಪಂಚಾಯತಿಯ ಬಾಗಿಲನ್ನೇ ತಟ್ಟಬಹುದು. ಗುಂಡು ಹಾರಿಸುವವನಿಗೆ ಕೋವಿಯ ಪರವಾನಗಿ ಇರಬೇಕು. ವಿಷ, ಸ್ಫೋಟಕ, ವಿದ್ಯುತ್ ತಂತಿಗಳಿಗೆ ಅವಕಾಶವಿಲ್ಲ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಗಗನಚುಂಬಿಗಳಲ್ಲಿ ವಾಸಿಸುವ ನಮಗೆ ಇದು ದೂರದ ಮಾತೆನಿಸಬಹುದು. ಆದರೆ ನಮ್ಮಲ್ಲಿ ಹಲವರ ಹೆಸರು ಇಂದಿಗೂ ಊರಿನ ಪಹಣಿಯಲ್ಲಿದೆ. ಬೇಸಾಯ ಮಾತ್ರ ಅಣ್ಣತಮ್ಮಂದಿರ ಕೈಯಲ್ಲಿದೆ. ಹಂದಿಗೆಂದು ಬೇಲಿಗೆ ಹರಿಸಿದ ವಿದ್ಯುತ್ತು ಆನೆಯನ್ನೂ ನೀರು ಕಟ್ಟಲು ಹೋದ ಮನುಷ್ಯನನ್ನೂ ಕೊಲ್ಲುತ್ತದೆ. ಫೋನಿನಲ್ಲಿ ಬೆಳೆಯ ಲೆಕ್ಕ ಕೇಳುವ ನಾವು ಬೇಲಿಯ ಬಗೆಯನ್ನೂ ಕೇಳೋಣ. ಹಾನಿಯಾದಲ್ಲಿ ಛಾಯಾಚಿತ್ರ ತೆಗೆದು, ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಬರೆದುಕೊಡುವ ಕೆಲಸವನ್ನು ಇಲ್ಲಿಂದಲೇ ಮಾಡಬಲ್ಲೆವು.