ಕುಸಿಯುವ ನೆಲದ ಮೂರು ಸಾಕ್ಷ್ಯಗಳು: ಜೋಶಿಮಠದ ಐತಿಹ್ಯ, ವರದಿ ಮತ್ತು ರಾಡಾರ್

ಉತ್ತರಾಖಂಡದ ಜೋಶಿಮಠವು ಶೃಂಗೇರಿಯಂತೆಯೇ ಶಂಕರಾಚಾರ್ಯರ ಪರಂಪರೆಯ ನಾಲ್ಕು ಪೀಠಗಳಲ್ಲೊಂದರ ನೆಲೆ. 2024ರಿಂದ ಅದರ ಅಧಿಕೃತ ಹೆಸರು ಜ್ಯೋತಿರ್ಮಠ. ಅಲ್ಲಿನ ನರಸಿಂಹ ಮೂರ್ತಿಯ ಒಂದು ಮಣಿಕಟ್ಟು ದಿನೇ ದಿನೇ ಸವೆಯುತ್ತಿದೆಯೆಂದೂ ಅದು ಕಳಚಿದ ದಿನ ಎರಡು ಬೆಟ್ಟಗಳು ಕೂಡಿ ಬದರಿಯ ದಾರಿ ಮುಚ್ಚಿಹೋಗುವುದೆಂದೂ ಸ್ಥಳೀಯ ಐತಿಹ್ಯವು ಹೇಳುತ್ತದೆ. ಇದನ್ನು ಭವಿಷ್ಯವಾಣಿಯೆಂದು ಓದಬೇಕಾಗಿಲ್ಲ. ಕಣ್ಣಿಗೆ ಕಾಣದ ನಿಧಾನ ಬದಲಾವಣೆಯು ಒಮ್ಮೆಲೇ ಅನಾಹುತವಾಗಬಲ್ಲದೆಂಬ ಬೆಟ್ಟದ ಜನರ ಅರಿವು ಅದರಲ್ಲಿ ಅಡಗಿದೆ.

ಎರಡನೆಯ ಸಾಕ್ಷ್ಯವು ಆಡಳಿತದ್ದು. ಊರು ನಿಂತಿರುವುದು ಪುರಾತನ ಭೂಕುಸಿತದ ಕಲ್ಲುಮಣ್ಣಿನ ರಾಶಿಯ ಮೇಲೆಂದು 1976ರಲ್ಲಿ ಗಢವಾಲದ ಆಯುಕ್ತ ಮಹೇಶ್ ಚಂದ್ರ ಮಿಶ್ರಾ ಅವರ ಸಮಿತಿಯು ದಾಖಲಿಸಿ, ಭಾರೀ ನಿರ್ಮಾಣಗಳಿಗೆ ತಡೆಯನ್ನು ಸೂಚಿಸಿತು. ಆದರೂ ಕಟ್ಟಡಗಳು ಏಳುತ್ತಲೇ ಹೋದವು.

ಮೂರನೆಯದು ಉಪಗ್ರಹ ರಾಡಾರಿನದು. ಬೇರೆ ಬೇರೆ ದಿನಗಳಲ್ಲಿ ಒಂದೇ ನೆಲದಿಂದ ಮರಳಿದ ಸೂಕ್ಷ್ಮತರಂಗಗಳನ್ನು ಹೋಲಿಸಿದಾಗ ಕೆಲವೇ ಸೆಂಟಿಮೀಟರುಗಳ ಚಲನೆಯೂ ತಿಳಿಯುತ್ತದೆ. ಮೋಡವಾಗಲಿ ಕತ್ತಲೆಯಾಗಲಿ ಅದಕ್ಕೆ ಅಡ್ಡಿಯಲ್ಲ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ವಿಶ್ಲೇಷಣೆಯಂತೆ, 2022ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಸುಮಾರು 9 ಸೆಂ.ಮೀ.ವರೆಗೆ ಕುಸಿದಿದ್ದ ನೆಲ, ಡಿಸೆಂಬರ್ 27ರಿಂದ 2023ರ ಜನವರಿ 8ರವರೆಗಿನ 12 ದಿನಗಳಲ್ಲೇ 5.4 ಸೆಂ.ಮೀ. ಕುಸಿಯಿತು. 800ಕ್ಕೂ ಹೆಚ್ಚು ಕಟ್ಟಡಗಳು ಬಿರುಕುಬಿಟ್ಟವು. ಪ್ರಕಟವಾದ ಈ ವರದಿಯನ್ನು ಆ ತಿಂಗಳಲ್ಲೇ ಜಾಲತಾಣದಿಂದ ಹಿಂತೆಗೆಯಲಾಯಿತು.

ಮಣಿಕಟ್ಟಿನ ಕಥೆ ಊರಿನ ಪ್ರತಿಯೊಬ್ಬರಿಗೂ ಗೊತ್ತಿತ್ತು. ಸಮಿತಿಯ ವರದಿಯಾಗಲಿ ರಾಡಾರಿನ ಅಂಕಿಗಳಾಗಲಿ ಹಾಗೆ ಜನರ ನಡುವೆ ನೆಲೆಗೊಳ್ಳಲಿಲ್ಲ. ಅಳತೆ ಎಷ್ಟೇ ನಿಖರವಾಗಿದ್ದರೂ ಆ ನೆಲದ ಮೇಲೆ ಬದುಕುವವರಿಗೆ ಸಕಾಲದಲ್ಲಿ ತಲುಪದಿದ್ದರೆ ಅದು ಎಚ್ಚರಿಕೆಯಾಗದು.