ಸೊಪ್ಪಿನ ಲೆಕ್ಕ

ಉತ್ತರ ಕನ್ನಡದ ಅಡಿಕೆ ತೋಟದ ಚರಿತ್ರೆಯೆಂದರೆ ಸೊಪ್ಪಿನ ಬೆಟ್ಟದ ಚರಿತ್ರೆಯೂ ಹೌದು. ಬ್ರಿಟಿಷ್ ಸರಕಾರ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟಿತ್ತು. ಬೆಟ್ಟದ ಸೊಪ್ಪು, ದರಕು ಕೊಟ್ಟಿಗೆಗೆ ಬಂದು, ದನದ ಕಾಲಡಿ ಗೊಬ್ಬರವಾಗಿ ತೋಟ ಸೇರುತ್ತಿತ್ತು. ದಫ್ತರದಲ್ಲಿ ಎಕರೆಯ ಲೆಕ್ಕವಿತ್ತು; ಹೆಂಗಸರ ತಲೆಹೊರೆಯದಲ್ಲ.

1983ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ಆರಂಭವಾಯಿತು. ಅದರ ಸಂಶೋಧಕರು ನಮ್ಮ ಜಿಲ್ಲೆಯ ಕಾಡುಗಳಲ್ಲಿ ಮರಗಳ ಸುತ್ತಳತೆ ಅಳೆದರು, ಉದುರಿದ ಎಲೆ ತೂಗಿದರು. ಮಳೆಗಾಲದಲ್ಲಿ ಎಲೆ ಕೊಳೆತಾಗ ಅದರ ಸಾರಜನಕ, ರಂಜಕ ಮಣ್ಣಿಗಿಳಿದು ಮತ್ತೆ ಬೇರು ಸೇರುತ್ತವೆ. ಎಲ್ಲವನ್ನೂ ಹೊತ್ತು ತಂದರೆ ಮರಕ್ಕೇನು ಉಳಿಯಿತು?

“ಮತ್ತಿಮರದ ತುದಿಸೊಪ್ಪು ಬಿಟ್ಟು ಕೊಯ್ಯಿ” ಎನ್ನುತ್ತಿದ್ದಳು ನಮ್ಮ ಆಯಿ. ಆ ಮಾತು ಮರೆತ ಕಡೆ, ನೋಡಿ, ಬೆಟ್ಟ ಬೋಳಾಗಿದೆ; ತೋಟಕ್ಕೆ ಗೊಬ್ಬರ ಕೊಂಡು ತರಬೇಕಾಗಿದೆ.